ಕೂಡಿಸಬೇಕೋ, ಕಳೆಯಬೇಕೋ, ಅಷ್ಟು ಹೇಳು

ಅಣ್ಣನ ಮಗಳು ಐದನೇ ಕ್ಲಾಸು. ನಾನು ಬ್ಯಾಂಕಿನಿಂದ ಮನೆಗೆ ಬಂದು, ಕೈಕಾಲು ತೊಳೆದು, ಚಹಾದ ಕಪ್ಪು ಕೈಗೆ ತಗೊಳ್ಳುವ ಹೊತ್ತಿಗೆ ಸರಿಯಾಗಿ ನೋಟ್‌ಬುಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ. ಜಾಣ ಹುಡುಗಿ. ಹದಿನೇಳರ ಮಗ್ಗಿ ನಿಲ್ಲದೆ ಹೇಳುತ್ತಾಳೆ. ದೊಡ್ಡ ದೊಡ್ಡ ಭಾಗಾಕಾರವನ್ನೂ ಒಂದರ ಕೆಳಗೊಂದು ಅಂಕಿ ಸರಿಯಾಗಿ ಕೂರಿಸಿ ಮಾಡುತ್ತಾಳೆ. ಆದರೆ ಹೇಳಿಕೆ ಲೆಕ್ಕ ಬಂತು ಅಂದರೆ ಸಾಕು, ಪೂರ್ತಿ ಓದುವ ಮೊದಲೇ ಪುಸ್ತಕ ನನ್ನ ಕಡೆ ತಿರುಗಿಸುತ್ತಾಳೆ. "ಅತ್ತಿ, ಇದ್ರಾಗ ಕೂಡಸ್ಬೇಕೋ ಕಳೀಬೇಕೋ, ಅಷ್ಟ ಹೇಳು. ಮುಂದಿಂದು ನಾ ಮಾಡ್ಕೋತೀನಿ."

ಮೊದಮೊದಲು ನಾನು ಹೇಳಿಬಿಡುತ್ತಿದ್ದೆ. ಕೂಡಿಸು. ಇಲ್ಲಿ ಗುಣಿಸು, ಆಮೇಲೆ ಕಳಿ. ಅವಳು ಟಕಟಕ ಅಂತ ಮಾಡಿ ಮುಗಿಸುತ್ತಿದ್ದಳು. ಉತ್ತರ ಸರಿ ಇರುತ್ತಿತ್ತು. ಮರುದಿನ ಶಾಲೆಯಲ್ಲಿ ಕೆಂಪು ಪೆನ್ನಿನ ರೈಟ್ ಗುರುತು ಬೀಳುತ್ತಿತ್ತು. ಇಬ್ಬರಿಗೂ ಸಮಾಧಾನ. ಹೀಗೆ ಎರಡು ಮೂರು ತಿಂಗಳು ನಡೆಯಿತು. ಒಂದು ದಿನ ಅವಳ 'ಅಷ್ಟ' ಅನ್ನುವ ಮಾತು ಕಿವಿಯಲ್ಲೇ ಉಳಿದುಬಿಟ್ಟಿತು. ಅಷ್ಟು ಹೇಳಿಬಿಟ್ಟರೆ ಮುಂದೆ ಉಳಿಯುವುದೇನು? ಬರೀ ಕೂಡಿಸುವುದು, ಕಳೆಯುವುದು. ಅದನ್ನು ಮೊಬೈಲ್ ಕೂಡ ಮಾಡುತ್ತದೆ. ಲೆಕ್ಕ ಅಂತ ಏನಿದೆಯೋ ಅದು ಪೂರ್ತಿ ಆ 'ಅಷ್ಟ'ದೊಳಗೇ ಇತ್ತು. ಅದನ್ನು ಪ್ರತಿದಿನ ನಾನೇ ಮಾಡಿಕೊಡುತ್ತಿದ್ದೆ.

7,458 ಏನು?

ಆ ಸಂಜೆ ಏನೂ ಹೇಳಿಕೊಡಬಾರದು ಅಂತ ತೀರ್ಮಾನ ಮಾಡಿದೆ. ನೀನೇ ಮಾಡು, ತಪ್ಪಾದರೂ ಪರವಾಗಿಲ್ಲ ಅಂದೆ. ಲೆಕ್ಕ ಹೀಗಿತ್ತು: ಒಬ್ಬ ರೈತನು 6 ಚೀಲ ಜೋಳವನ್ನು ತಲಾ 2,850 ರೂಪಾಯಿಯಂತೆ ಮಾರಿದನು. ಬಂದ ಹಣದಲ್ಲಿ 4,600 ರೂಪಾಯಿ ಅಂಗಡಿಯ ಸಾಲ ತೀರಿಸಿದನು. ಉಳಿದ ಹಣವನ್ನು ತನ್ನ 2 ಮಕ್ಕಳಿಗೆ ಸಮನಾಗಿ ಹಂಚಿದನು. ಪ್ರತಿಯೊಬ್ಬರಿಗೆ ಸಿಕ್ಕ ಹಣವೆಷ್ಟು?

ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. ಆಮೇಲೆ ನಾಲ್ಕೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸಿದಳು. 7,458. ಕೂಡಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ದಶಕ ಒಯ್ದದ್ದು ಸರಿ, ಅಲ್ಪವಿರಾಮ ಕೂಡ ಸರಿಯಾದ ಜಾಗದಲ್ಲೇ ಇತ್ತು. ನಾನು ಬಯ್ಯಲಿಲ್ಲ. "7,458 ಏನು?" ಅಂತ ಕೇಳಿದೆ.

"ಏನು ಅಂದ್ರ?"

"ರೂಪಾಯಿನಾ? ಚೀಲಾನಾ? ಮಕ್ಕಳಾ?"

ಅವಳು ನೋಟ್‌ಬುಕ್ ನೋಡಿದಳು, ನನ್ನ ಮುಖ ನೋಡಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಆ ಅಂಕಿಗೆ ಒಂದು ಹೆಸರಿದೆ, ಅದು ಲೋಕದಲ್ಲಿ ಯಾವುದೋ ಒಂದು ವಸ್ತುವಿನ ಲೆಕ್ಕ ಅನ್ನುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. 6 ಚೀಲ, 2,850 ರೂಪಾಯಿ, ಸಾಲ, ಇಬ್ಬರು ಮಕ್ಕಳು, ಎಲ್ಲವೂ ಕೂಡಿ ಒಂದೇ ರಾಶಿಯಾಗಿದ್ದವು. ಜೋಳದ ಚೀಲಕ್ಕೆ ಮಕ್ಕಳನ್ನು ಯಾರೂ ಕೂಡಿಸುವುದಿಲ್ಲ ಅಂತ ಅವಳಿಗೆ ಗೊತ್ತಿಲ್ಲವೇ? ಗೊತ್ತು. ಮನೆಯಲ್ಲಿ ಗೊತ್ತು, ಓಣಿಯಲ್ಲಿ ಗೊತ್ತು. ಗಣಿತದ ನೋಟ್‌ಬುಕ್ ತೆರೆದಾಗ ಮಾತ್ರ ಆ ತಿಳಿವಳಿಕೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬಂದಿರುತ್ತಾಳೆ. ಬಿಟ್ಟು ಬರಬೇಕು ಅಂತ ನಾವೇ ಎಲ್ಲೋ ಕಲಿಸಿದ್ದೇವೆ.

ಆಗ ಒಂದು ಕೆಲಸ ಮಾಡಿದೆ. ಪುಸ್ತಕದ ಮೇಲಿನ ಅಂಕಿಗಳನ್ನು ನನ್ನ ಬೆರಳುಗಳಿಂದ ಮುಚ್ಚಿದೆ. "ಅಂಕಿ ಬಿಡು. ಏನಾತು ಅಂತ ಕತಿ ಹೇಳು" ಅಂದೆ. ಅವಳು ಹೇಳಿದಳು: "ಒಬ್ಬಾಂವ ಜ್ವಾಳ ಮಾರ್ಯಾನ. ರೊಕ್ಕ ಬಂದಾವ. ಅಂಗಡಿ ಉದ್ರಿ ತೀರ್ಸ್ಯಾನ. ಉಳದದ್ದು ಮಕ್ಕಳಿಗೆ ಹಂಚ್ಯಾನ." ಎಷ್ಟು ಚೆಂದದ ನಾಲ್ಕು ವಾಕ್ಯ ನೋಡಿ. ಲೆಕ್ಕದ ಹಂತಗಳು ಅಂತ ನಾವು ಯಾವುದನ್ನು ಕರೆಯುತ್ತೇವೋ ಅವು ಅಷ್ಟೂ ಅದರಲ್ಲಿವೆ. ಮಾರಿದ, ತೀರಿಸಿದ, ಹಂಚಿದ. ಗುಣಾಕಾರ, ವ್ಯವಕಲನ, ಭಾಗಾಕಾರ. ಅದೇ ಸಾಲಿನಲ್ಲಿ.

"ಹಂಗಾದ್ರ ಎಷ್ಟ ರೊಕ್ಕ ಬಂದಾವ?" ಅಂತ ಕೇಳಿದೆ. "2,850" ಅಂದಳು. ನನಗೆ ಆಶ್ಚರ್ಯವಾಯಿತು. "ಆರು ಚೀಲಕ್ಕ 2,850?" "ಹೂಂ. ಹಂಗ ಬರದಾರಲ್ಲ." ಆಮೇಲೆ ಸ್ವಲ್ಪ ತಡೆದು, ಮೆಲ್ಲಗೆ, "ಅತ್ತಿ, ತಲಾ ಅಂದ್ರೇನು? ತಲೀನಾ?" ಅಂತ ಕೇಳಿದಳು.

ತಲಾ. ಇಷ್ಟು ದಿನ ಇದೇ ಒಂದು ಪದ ಬಾಗಿಲಿಗೆ ಅಡ್ಡ ನಿಂತಿತ್ತು. ಅವಳ ಊಹೆ ತಪ್ಪೇನೂ ಅಲ್ಲ. ತಲಾ ಅನ್ನುವುದು ತಲೆಯಿಂದಲೇ ಬಂದದ್ದು. ತಲೆಗೆ ಇಷ್ಟು ಅಂತ. ಚೀಲಕ್ಕೆ ತಲೆ ಎಲ್ಲಿದೆ ಅಂತ ಮಗು ಗೊಂದಲಕ್ಕೆ ಬಿದ್ದರೆ ಮಗುವಿನ ತಪ್ಪಲ್ಲ. ನಮ್ಮ ಮನೆಯಲ್ಲಿ, ನಮ್ಮ ಕಡೆಯ ಯಾವ ಮನೆಯಲ್ಲೂ, ಯಾರೂ ತಲಾ ಅನ್ನುವುದಿಲ್ಲ. "ಚೀಲಕ್ಕ ಎಷ್ಟ?" ಅಂತೀವಿ. "ಒಂದೊಂದಕ್ಕ ಎಷ್ಟ?" ಅಂತೀವಿ. "ಚೀಲಕ್ಕ 2,850 ಅಂತ" ಅಂದೆ. ಅವಳು ನೋಟ್‌ಬುಕ್ ಎಳೆದುಕೊಂಡಳು. ಮುಂದೆ ನಾನು ಒಂದು ಮಾತೂ ಆಡಬೇಕಾಗಲಿಲ್ಲ. 17,100. 12,500. 6,250. ಚಹಾ ಆರಿಹೋಗಿತ್ತು.

ಮುತ್ಯಾನ ಗಿರಾಕಿ

ಆ ಮುಖ ನನಗೆ ಗೊತ್ತು ಅಂದೆನಲ್ಲ, ಅದು ನನ್ನದೇ ಮುಖ. ನಾನೂ ಐದನೇ ಕ್ಲಾಸಿನಲ್ಲಿದ್ದೆ. ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಿಂಬೆಯ ಸೀಮೆ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಹೊಲದ ಬಾವಿಯ ಸುತ್ತ ನಲವತ್ತು ನಿಂಬೆ ಗಿಡ ಇದ್ದವು. ಹೆಚ್ಚಿನ ಹಣ್ಣು ವ್ಯಾಪಾರಿಗೆ ಹೋಗುತ್ತಿತ್ತು. ಉಳಿದದ್ದನ್ನು ಮುತ್ಯಾ ಸಂತೆಗೆ ಒಯ್ಯುತ್ತಿದ್ದ. ಜೊತೆಗೆ ನಾನು. ಗೋಣಿತಾಟಿನ ಮೇಲೆ ಐದೈದು ಹಣ್ಣಿನ ಗುಡ್ಡೆ ಮಾಡುವುದು ನನ್ನ ಕೆಲಸ. ಐದಕ್ಕೆ ಎರಡು ರೂಪಾಯಿ. ಮುತ್ಯಾನಿಗೆ ಓದು ಬರಹ ಬರುತ್ತಿರಲಿಲ್ಲ. ಜೋಳ ಅಳೆಯುವಾಗ ಒಂದು ಅನ್ನದೆ "ಲಾಭ" ಅಂತ ಶುರು ಮಾಡಿ, "ಎರಡು, ಮೂರು" ಅಂತ ಎಣಿಸುವ ಕಾಲದ ಮನುಷ್ಯ. ದೀಡ (ಒಂದೂವರೆ), ಅಡೀಚ (ಎರಡೂವರೆ) ಎಲ್ಲ ಬಾಯಲ್ಲೇ. ಯಾರಾದರೂ ಬಂದು ಮೂವತ್ತೈದು ಬೇಕು ಅಂದರೆ ನಾನೇ ಏಳು ಗುಡ್ಡೆ ಎತ್ತಿ ಚೀಲಕ್ಕೆ ಹಾಕಿ "ಹದಿನಾಲ್ಕು ರೂಪಾಯಿ" ಅನ್ನುತ್ತಿದ್ದೆ. ಅದನ್ನು ಲೆಕ್ಕ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಒಂದು ದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಂತು. 5 ನಿಂಬೆಹಣ್ಣುಗಳ ಬೆಲೆ 2 ರೂಪಾಯಿ ಆದರೆ 85 ನಿಂಬೆಹಣ್ಣುಗಳ ಬೆಲೆ ಎಷ್ಟು? ಗುರುಗಳು ನನ್ನನ್ನೇ ಎಬ್ಬಿಸಿದರು. ಸೀಮೆಸುಣ್ಣ ಕೈಗೆ ಬಂತು. ಮೂರು ಅಂಕಿ ಕಂಡವು. 5, 2, 85. ಹಣ್ಣು ಒಂದೂ ಕಾಣಲಿಲ್ಲ. ದೊಡ್ಡದನ್ನು ಸಣ್ಣದರಿಂದ ಗುಣಿಸಿದರೆ ಆಗಬಹುದು ಅನ್ನಿಸಿತು. 85 × 2 = 170 ಅಂತ ಬರೆದೆ. ಹಿಂದಿನಿಂದ ಯಾರೋ ನಕ್ಕರು. ಗುರುಗಳು, "ಲಿಂಬಿಕಾಯಿ ಮಾರೋರ ಮನಿ ಹುಡುಗಿ, ಲಿಂಬಿಕಾಯಿ ಲೆಕ್ಕ ಬರೂದಿಲ್ಲ" ಅಂದರು. ಇಡೀ ಕ್ಲಾಸು ನಕ್ಕಿತು. ಅವರು ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಹೋಗುತ್ತಿತ್ತೇನೋ.

ಮನೆಗೆ ಬಂದು ಅತ್ತೆ. ಮುತ್ಯಾ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಏನಾಯಿತು ಅಂತ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ ಅವನು ಮೊದಲು ಕೇಳಿದ ಮಾತು ಇದು: "ಎಂಬತ್ತೈದು ಯಾರು ಬೇಡ್ಯಾರ?"

ಯಾರೂ ಬೇಡಿಲ್ಲ ಮುತ್ಯಾ, ಲೆಕ್ಕ ಅದು, ಅಂದೆ. "ಹಂಗ ಹೆಂಗ? ಯಾರೋ ಬೇಡಿರ್ಬೇಕಲ್ಲ. ಉಪ್ಪಿನಕಾಯಿಗಿ ಬೇಡ್ಯಾರೋ, ಲಗ್ನಕ್ಕ ಬೇಡ್ಯಾರೋ?" ಲಗ್ನಕ್ಕೆ ಅಂದೆ, ಸುಮ್ನೆ. ಅವನಿಗೆ ಸಮಾಧಾನ ಆಯಿತು. ಈಗ ಅವನ ಮುಂದೆ ಒಬ್ಬ ಗಿರಾಕಿ ಬಂದು ನಿಂತಿದ್ದ. "ನೂರು ತಗೊಂಡ್ರ ನಲವತ್ತು ರೂಪಾಯಿ ಆಗ್ತಿತ್ತು. ಹದಿನೈದು ಕಡಿಮಿ ತಗೊಂಡಾನ. ಹದಿನೈದಕ್ಕ ಆರು. ನಲವತ್ತರಾಗ ಆರು ಹೋತು. ಮೂವತ್ನಾಕು." ಹಗ್ಗ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ.

ಆ ಹೊತ್ತಿಗೆ ನನಗೆ ಉತ್ತರ ಸಿಕ್ಕಿತು ಅಷ್ಟೇ. ಅವನು ಮೊದಲು ಕೇಳಿದ ಪ್ರಶ್ನೆ ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ಯಾರು ಬೇಡಿದ್ದಾರೆ? ಯಾಕೆ? ಅದು ಗೊತ್ತಾಗದೆ ಅವನಿಗೆ ಲೆಕ್ಕ ಶುರುವೇ ಆಗುತ್ತಿರಲಿಲ್ಲ. ಬೋರ್ಡಿನ ಮುಂದೆ ನಿಂತ ನನಗೆ ಆ ಪ್ರಶ್ನೆ ಕೇಳುವ ಹಕ್ಕಿದೆ ಅಂತಲೇ ಗೊತ್ತಿರಲಿಲ್ಲ.

ಇದು ನನ್ನೊಬ್ಬಳ ಕತೆ ಅಲ್ಲ. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ದೆಹಲಿ, ಕೋಲ್ಕತ್ತಾದ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ತರಕಾರಿ ತೂಗಿ ಚಿಲ್ಲರೆ ಕೊಡುವಾಗ ಬಾಯಲ್ಲೇ ಸರಿಯಾಗಿ ಲೆಕ್ಕ ಮಾಡುವ ಮಕ್ಕಳು, ಅಂಥದ್ದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ಎಡವಿದರು. ಶಾಲೆಯಲ್ಲಷ್ಟೇ ಕಲಿತ ಮಕ್ಕಳು ಕಾಗದದ ಮೇಲೆ ಚೆನ್ನಾಗಿ ಮಾಡಿ, ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಅದನ್ನು ಓದಿದ ರಾತ್ರಿ ನನಗೆ ಆ ಬೋರ್ಡು, ಆ 170, ಎಲ್ಲ ಮತ್ತೆ ಕಣ್ಣ ಮುಂದೆ ಬಂತು. ಸಂತೆಯ ಗೋಣಿತಾಟಿಗೂ ಶಾಲೆಯ ಬೋರ್ಡಿಗೂ ನಡುವೆ ಒಂದು ಸೇತುವೆ ಬೇಕಿತ್ತು. ಆ ಸೇತುವೆ ಮಾತಿನದು. ಅಂಕಿಯದಲ್ಲ.

(ಬ್ಯಾಂಕಿನಲ್ಲಿ ಇದನ್ನೇ ಪ್ರತಿದಿನ ನೋಡುತ್ತೇನೆ. ಬಡ್ಡಿ ವರ್ಷಕ್ಕೆ ಶೇಕಡಾ 24 ಅಂದರೆ ಎಷ್ಟು ಅಂತ ಗೊತ್ತಾಗದೆ ಕಾಗದ ಹಿಡಿದು ನಿಲ್ಲುವವರು, "ನೂರಕ್ಕ ತಿಂಗಳಿಗೆ ಎರಡು" ಅಂದ ಕೂಡಲೇ ತಲೆ ಆಡಿಸುತ್ತಾರೆ. ಎರಡೂ ಒಂದೇ. ಅವರಿಗೆ ಲೆಕ್ಕ ಬರುವುದಿಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ.)

ಗೆ ಮತ್ತು ಇಂದ

ಹೇಳಿಕೆ ಲೆಕ್ಕಕ್ಕೆ ಒಂದು ಅಡ್ಡದಾರಿ ಇದೆ. 'ಒಟ್ಟು' ಅಂತ ಬಂದರೆ ಕೂಡಿಸು, 'ಉಳಿದ' ಅಂತ ಬಂದರೆ ಕಳಿ, 'ಸಮನಾಗಿ' ಅಂತ ಬಂದರೆ ಭಾಗಿಸು. ನನಗೂ ಇದನ್ನೇ ಕಲಿಸಿದ್ದರು. ಈಗಲೂ ಕಲಿಸುತ್ತಾರೆ. ಅಣ್ಣನ ಮಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿಯನ್ನೇ ಬರೆದುಕೊಂಡಿದ್ದಾಳೆ. ಇದು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಮಗುವಿಗೆ ಓದಬೇಡ, ಪದ ಹುಡುಕು ಅಂತ ಹೇಳಿದ ಹಾಗೆ ಇದು. ಒಂದು ಸಣ್ಣ ಲೆಕ್ಕ ನೋಡಿ: ಒಬ್ಬಳು 45 ನಿಂಬೆಹಣ್ಣು ಮಾರಿದಳು. ಈಗ ಅವಳ ಬಳಿ 30 ಉಳಿದಿವೆ. ಮೊದಲು ಎಷ್ಟಿದ್ದವು? 'ಉಳಿದ' ಇದೆ. ಕಳೆದರೆ 15. ಉತ್ತರ 75. ಇನ್ನೊಂದು: ಬಸುವಿನ ಬಳಿ 24 ಗೋಲಿಗಳಿವೆ. ಇದು ರಾಜುವಿನ ಬಳಿ ಇರುವುದಕ್ಕಿಂತ 6 ಹೆಚ್ಚು. ರಾಜುವಿನ ಬಳಿ ಎಷ್ಟಿವೆ? 'ಹೆಚ್ಚು' ಇದೆ ಅಂತ ಕೂಡಿಸಿದ ಮಕ್ಕಳಿಗೆ 30 ಬರುತ್ತದೆ. ಬೇಕಾದದ್ದು 18.

ನಮ್ಮ ಕನ್ನಡದಲ್ಲಿ ಇನ್ನೊಂದು ವಿಷಯ ಇದೆ. ಅದನ್ನು ಯಾರೂ ಗಣಿತದ ಕ್ಲಾಸಿನಲ್ಲಿ ಹೇಳುವುದಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಂಕಿ ನಡುವೆಯೇ ಬಂದುಬಿಡುತ್ತದೆ. "ಅವಳು ತನ್ನ ಬಳಿಯಿದ್ದ ದುಡ್ಡಿನಲ್ಲಿ 350 ರೂಪಾಯಿಯನ್ನು" ಅನ್ನುವ ತನಕ ಓದಿದರೆ ಏನೂ ಗೊತ್ತಾಗಿಲ್ಲ. ಕೊಟ್ಟಳೋ, ಕಳೆದುಕೊಂಡಳೋ, ಎತ್ತಿಟ್ಟಳೋ? ಅವಸರದ ಮಗು ಅಂಕಿ ಕಂಡ ಕೂಡಲೇ ಓದು ನಿಲ್ಲಿಸುತ್ತದೆ. ಪೆನ್ಸಿಲ್ ಅಲ್ಲೇ ಶುರುವಾಗುತ್ತದೆ. ವಾಕ್ಯದ ಜೀವ ಇನ್ನೂ ಎರಡು ಪದ ಮುಂದಿದೆ. ಹಾಗಾಗಿ ನಮ್ಮ ಮಕ್ಕಳಿಗೆ ಪೂರ್ಣವಿರಾಮದವರೆಗೆ ಓದುವುದು ಅನ್ನುವುದೇ ಗಣಿತದ ಮೊದಲ ಹಂತ. ನಾನಂತೂ ಅವಳಿಗೆ ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಗೆರೆ ಎಳಿ ಅಂತ ಹೇಳುತ್ತೇನೆ. ಮಾರಿದನು. ತೀರಿಸಿದನು. ಹಂಚಿದನು. ಗೆರೆ ಎಳೆದ ಪದಗಳನ್ನಷ್ಟೇ ಓದಿದರೂ ಅರ್ಧ ಲೆಕ್ಕ ಸಿಗುತ್ತದೆ.

ಇನ್ನು ವಿಭಕ್ತಿ. ಬಸು ರಾಜುವಿಗೆ 8 ಗೋಲಿ ಕೊಟ್ಟ. ಬಸು ರಾಜುವಿನಿಂದ 8 ಗೋಲಿ ತಗೊಂಡ. ಒಂದು 'ಗೆ', ಒಂದು 'ಇಂದ'. ಬಸುವಿನ ಜೇಬು ಒಂದರಲ್ಲಿ ಹಗುರ, ಇನ್ನೊಂದರಲ್ಲಿ ಭಾರ. ಕನ್ನಡದ ಪಿರಿಯಡ್ಡಿನಲ್ಲಿ ಚತುರ್ಥಿ, ತೃತೀಯಾ ಅಂತ ಬಾಯಿಪಾಠ ಮಾಡಿಸುತ್ತೇವೆ. ಅದೇ 'ಗೆ' ಮತ್ತು 'ಇಂದ' ಮುಂದಿನ ಪಿರಿಯಡ್ಡಿನಲ್ಲಿ ಕೂಡಿಸಬೇಕೋ ಕಳೆಯಬೇಕೋ ಅಂತ ಹೇಳುತ್ತಿವೆ ಅಂತ ತೋರಿಸುವುದಿಲ್ಲ. 30 ರೂಪಾಯಿ ಇದ್ದ ಈರುಳ್ಳಿಯ ಬೆಲೆ 40 ರೂಪಾಯಿಗೆ ಏರಿತು ಅಂದರೆ ಈಗ 40. ಬೆಲೆ 40 ರೂಪಾಯಿ ಏರಿತು ಅಂದರೆ 70. ನಡುವೆ ಇರುವುದು ಒಂದೇ ಒಂದು 'ಗೆ'. ಬಾಗಲಕೋಟೆ ಕಡೆ ಈರುಳ್ಳಿ ಬೆಳೆಯುವವರನ್ನು ಕೇಳಿ, ಆ ಒಂದು ಅಕ್ಷರದ ಬೆಲೆ ಎಷ್ಟು ಅಂತ ಅವರಿಗೆ ಗೊತ್ತು.

ಬಲಗಡೆ ಅಂಕಿ, ಎಡಗಡೆ ಮಾತು

ಹಂತಹಂತವಾಗಿ ಬಿಡಿಸು ಅಂದರೆ ಮಕ್ಕಳು ಅಂದುಕೊಳ್ಳುವುದು, ಹಂತ ಬರೆದರೆ ಅಂಕ ಸಿಗುತ್ತದೆ ಅಂತ. ಎಸ್‌ಎಸ್‌ಎಲ್‌ಸಿಯಲ್ಲಿ ಹಂತಕ್ಕೆ ಅಂಕ ಇದೆ, ನಿಜ. ಉತ್ತರ ತಪ್ಪಾದರೂ ದಾರಿ ಸರಿ ಇದ್ದರೆ ಪೂರ್ತಿ ಸೊನ್ನೆ ಬೀಳುವುದಿಲ್ಲ. ಒಳ್ಳೆಯದೇ. ಆದರೆ ಹಂತ ಇರುವುದು ನಿಂತು ಉಸಿರಾಡುವುದಕ್ಕೆ. ಇಲ್ಲಿಯವರೆಗೆ ನನ್ನ ಕೈಗೆ ಏನು ಬಂತು ಅಂತ ನೋಡಿಕೊಳ್ಳುವುದಕ್ಕೆ. ಅದಕ್ಕೇ ಈಗ ನಮ್ಮ ಮನೆಯಲ್ಲಿ ಒಂದು ನಿಯಮ. ಯಾವ ಅಂಕಿಯೂ ಒಂಟಿಯಾಗಿ ನಿಲ್ಲಬಾರದು. ಎಡಗಡೆ ಅದು ಏನು ಅಂತ ಮಾತಿನಲ್ಲಿ ಬರೆಯಬೇಕು. ಅವಳು ಜೋಳದ ಲೆಕ್ಕವನ್ನು ಕೊನೆಗೆ ಬರೆದದ್ದು ಹೀಗೆ:

1 ಚೀಲಕ್ಕೆ ಬಂದ ಹಣ = 2,850 ರೂ.
6 ಚೀಲಕ್ಕೆ ಬಂದ ಹಣ = 6 × 2,850 = 17,100 ರೂ.
ಸಾಲ ತೀರಿಸಿದ ಮೇಲೆ ಉಳಿದದ್ದು = 17,100 − 4,600 = 12,500 ರೂ.
ಒಬ್ಬ ಮಗುವಿಗೆ ಸಿಕ್ಕದ್ದು = 12,500 ÷ 2 = 6,250 ರೂ.

ಮೊದಲ ಸಾಲು ಬೇಕಿರಲಿಲ್ಲ ಅಂತ ಯಾರಾದರೂ ಹೇಳಬಹುದು. ಅಲ್ಲಿ ಲೆಕ್ಕವೇ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು ಅದೇ. 'ತಲಾ' ಅನ್ನುವ ಪದ ಅಲ್ಲಿ 'ಒಂದಕ್ಕೆ' ಆಗಿದೆ. ಪುಸ್ತಕದ ಮಾತು ಅವಳ ಮಾತಾಗಿದೆ.

ಮಕ್ಕಳು ಮಾಡುವ ಇನ್ನೊಂದು ಕೆಲಸ ಇದೆ, ಅದನ್ನು ದೊಡ್ಡವರೂ ಬಿಟ್ಟಿಲ್ಲ. 6 × 2,850 = 17,100 − 4,600 = 12,500 ÷ 2 = 6,250 ಅಂತ ಒಂದೇ ಉಸಿರಿಗೆ ಬರೆಯುವುದು. ಸಮ ಚಿಹ್ನೆ ಅಂದರೆ 'ಆಮೇಲೆ' ಅಂತ ಅವರು ಓದಿಕೊಳ್ಳುತ್ತಾರೆ. ಅದು ತಕ್ಕಡಿ. ಎರಡೂ ತಟ್ಟೆ ಸಮ ಇರಬೇಕು. 6 × 2,850 ಎಂದರೆ 12,500 ಅಲ್ಲ. ಈ ಒಂದು ಅಭ್ಯಾಸವನ್ನು ಐದನೇ ಕ್ಲಾಸಿನಲ್ಲಿ ಬಿಡಿಸಿದರೆ ಎಂಟನೇ ಕ್ಲಾಸಿನ ಬೀಜಗಣಿತಕ್ಕೆ ಅರ್ಧ ದಾರಿ ಆದ ಹಾಗೆ.

ಉತ್ತರ ಬಂದ ಮೇಲೆ ಅದನ್ನು ಮತ್ತೆ ಕತೆಯೊಳಗೆ ಒಯ್ದು ಕೂರಿಸಬೇಕು. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಶಾಲೆಯ 130 ಮಕ್ಕಳು ಕೂಡಲಸಂಗಮಕ್ಕೆ ಪ್ರವಾಸ ಹೋಗಬೇಕು. ಒಂದು ಬಸ್ಸಿನಲ್ಲಿ 52 ಸೀಟು. ಬಸ್ಸು ಎಷ್ಟು ಬೇಕು? ಭಾಗಿಸಿದರೆ 2, ಶೇಷ 26. "ಎರಡು ಬಸ್ಸು, ಶೇಷ 26" ಅಂತ ಬರೆದಳು. ಆ 26 ಯಾರು ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ಕೈ ಬಾಯಿಗೆ ಹೋಯಿತು. "ಅಯ್ಯ, ಗೇಟಿನ್ಯಾಗ ನಿಂತಾರ ಅವ್ರು!" ಇಂಥದ್ದೇ ಲೆಕ್ಕವನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಹದಿಮೂರು ವರ್ಷದ ಮಕ್ಕಳಿಗೆ ದೇಶಮಟ್ಟದ ಪರೀಕ್ಷೆಯೊಂದರಲ್ಲಿ ಕೊಟ್ಟಿದ್ದರು. 1,128 ಸೈನಿಕರು, ಬಸ್ಸಿಗೆ 36 ಜನ. ಬೇಕಾದದ್ದು 32 ಬಸ್ಸು. ಕಾಲು ಭಾಗಕ್ಕಿಂತ ಕಡಿಮೆ ಮಕ್ಕಳು ಅದನ್ನು ಬರೆದರು. ತುಂಬಾ ಮಕ್ಕಳು 31, ಶೇಷ 12 ಅಂತ ಬರೆದು ಮುಂದೆ ಹೋದರು. ಅಲ್ಲಿಯೂ ಹನ್ನೆರಡು ಜನ ಗೇಟಿನಲ್ಲೇ ಉಳಿದರು.

ದುಂಬಿಗಳ ಲೆಕ್ಕ

ವಿಜಯಪುರದವರಿಗೆ ಭಾಸ್ಕರಾಚಾರ್ಯನ ಮೇಲೆ ಒಂದು ಪ್ರೀತಿ ಇದೆ. 1114ರಲ್ಲಿ ಹುಟ್ಟಿದವನು. ತನ್ನ ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ಅಂತ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಅಂತ ಕೆಲವರು. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಅವನು 1150ರಲ್ಲಿ ಬರೆದ ಲೀಲಾವತಿಯಲ್ಲಿ ಬರುವ ಹೇಳಿಕೆ ಲೆಕ್ಕಗಳು ನನಗೆ ಬಹಳ ಇಷ್ಟ. ಒಂದು ದುಂಬಿಗಳ ಹಿಂಡು. ಐದರಲ್ಲಿ ಒಂದು ಪಾಲು ಕದಂಬಕ್ಕೆ ಹೋಯಿತು. ಮೂರರಲ್ಲಿ ಒಂದು ಪಾಲು ಶಿಲೀಂಧ್ರ ಅನ್ನುವ ಹೂವಿಗೆ. ಆ ಎರಡರ ನಡುವಿನ ವ್ಯತ್ಯಾಸದ ಮೂರುಪಟ್ಟು ಕುಟಜಕ್ಕೆ. ಒಂದು ದುಂಬಿ ಮಾತ್ರ ಕೇತಕಿ, ಮಾಲತಿಯ ಪರಿಮಳದ ನಡುವೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲೇ ಸುತ್ತುತ್ತಿದೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಇದನ್ನು ಬಿಡಿಸುವುದಕ್ಕೆ ಎಕ್ಸ್ ಬೇಕಿಲ್ಲ. ಅವನೇ ಒಂದು ದಾರಿ ಹೇಳುತ್ತಾನೆ. ಇಷ್ಟಕರ್ಮ ಅಂತ ಅದರ ಹೆಸರು. ನಿನಗೆ ಇಷ್ಟವಾದ ಒಂದು ಸಂಖ್ಯೆ ಹಿಡಿ. ಲೆಕ್ಕ ಹೇಳಿದ ಹಾಗೆ ನಡೆ. ಕೊನೆಗೆ ಎಷ್ಟು ತಪ್ಪಿತು ನೋಡಿ ಸರಿಮಾಡಿಕೋ. ಅಣ್ಣನ ಮಗಳಿಗೆ ಹೇಳಿದೆ. ಅವಳು 30 ಹಿಡಿದಳು, ಐದರಿಂದಲೂ ಮೂರರಿಂದಲೂ ಹೋಗುತ್ತದೆ ಅಂತ. ಕದಂಬಕ್ಕೆ 6. ಶಿಲೀಂಧ್ರಕ್ಕೆ 10. ವ್ಯತ್ಯಾಸ 4, ಅದರ ಮೂರುಪಟ್ಟು 12. ಒಟ್ಟು 28 ಹೋದವು, 2 ಉಳಿದವು. "ಒಂದ ಉಳೀಬೇಕಿತ್ತು, ಎರಡ ಉಳದಾವ" ಅಂದಳು. ಒಂದು ನಿಮಿಷ ಸುಮ್ಮನಿದ್ದು, "ಅಂದ್ರ ಹಿಂಡು ಅರ್ಧಾನ. ಹದಿನೈದು." ಮುತ್ಯಾ ನೂರರಿಂದ ಹದಿನೈದು ಇಳಿದು ಎಂಬತ್ತೈದಕ್ಕೆ ಬಂದದ್ದು ನೆನಪಾಯಿತು. ಗೊತ್ತಿರುವ ಜಾಗದಲ್ಲಿ ಗಟ್ಟಿಯಾಗಿ ನಿಂತು, ಅಲ್ಲಿಂದ ಬೇಕಾದಲ್ಲಿಗೆ ನಡೆಯುವುದು. ತಪ್ಪು ಸಂಖ್ಯೆಯಿಂದ ಶುರು ಮಾಡಿಯೂ ಸರಿ ಉತ್ತರಕ್ಕೆ ಹೋಗಬಹುದು ಅಂತ ಒಂದು ಮಗುವಿಗೆ ಗೊತ್ತಾದರೆ ಅದರ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ.

ಆ ಲೆಕ್ಕಗಳಲ್ಲಿ ಇನ್ನೊಂದು ಚೆಂದ ಇದೆ. ಅವು ಯಾರಿಗೋ ಹೇಳಿದ ಲೆಕ್ಕಗಳು. ಬಾಲೆ, ಜಿಂಕೆಗಣ್ಣಿನವಳೆ, ಗೆಳೆಯ, ಹೇಳು ನೋಡೋಣ ಅಂತ ಕರೆದು ಕೇಳುತ್ತವೆ. ಕೇಳುವವರೊಬ್ಬರು, ಹೇಳುವವರೊಬ್ಬರು ಇದ್ದಾರೆ. ನಮ್ಮ ಮಕ್ಕಳ ಪುಸ್ತಕದ ಲೆಕ್ಕ ಯಾರಿಗೂ ಹೇಳಿದ್ದಲ್ಲ. "ಪ್ರತಿಯೊಬ್ಬರಿಗೆ ಸಿಕ್ಕ ಹಣವೆಷ್ಟು?" ಯಾರು ಕೇಳುತ್ತಿದ್ದಾರೆ? ಎಂಬತ್ತೈದು ಯಾರು ಬೇಡಿದ್ದಾರೆ? ಮನೆಯಲ್ಲಿ ನಾವು ಮಾಡಬಹುದಾದ ಕೆಲಸ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಆ ಲೆಕ್ಕವನ್ನು ನಮ್ಮ ಬಾಯಿಂದ, ನಮ್ಮ ಮಾತಿನಲ್ಲಿ, ಆ ಮಗುವಿನ ಕಣ್ಣು ನೋಡಿ ಹೇಳುವುದು. ಎರಡು ನಿಮಿಷದ ಕೆಲಸ.

ಹೋದ ವಾರ ಅವಳಿಗೆ ಆ ಹಳೆಯ ನಿಂಬೆಹಣ್ಣಿನ ಲೆಕ್ಕ ಕೊಟ್ಟೆ. ಬೋರ್ಡಿನ ಕತೆ ಹೇಳಲಿಲ್ಲ. ಲಗ್ನದ ಮನೆಯವರು ಬಂದಿದ್ದಾರೆ, ಎಂಬತ್ತೈದು ಬೇಕಂತೆ, ಐದಕ್ಕೆ ಎರಡು ರೂಪಾಯಿ ಅಂದೆ. ಅವಳು ಮುತ್ಯಾನ ಹಾಗೆ ಮಾಡಲಿಲ್ಲ. ಶಾಲೆಯಲ್ಲಿ ಹೇಳಿಕೊಡುವ ಹಾಗೆ ಒಂದು ಹಣ್ಣಿಗೆ 40 ಪೈಸೆ ಅಂತಲೂ ಮಾಡಲಿಲ್ಲ. "ಹತ್ತಕ್ಕ ನಾಕು. ಎಂಬತ್ತಕ್ಕ ಮೂವತ್ತೆರಡು. ಇನ್ನೈದಕ್ಕ ಎರಡು" ಅಂತ ಬೆರಳು ಮಡಚಿದಳು. ಮೂವತ್ನಾಲ್ಕು ಅನ್ನುವ ಮೊದಲೇ ತಲೆ ಎತ್ತಿ ನನ್ನನ್ನು ನೋಡಿದಳು.

"ಅತ್ತಿ, ಐದಕ್ಕ ಎರಡು ರೂಪಾಯಿ ಎಲ್ಲಿ ಸಿಗ್ತಾವ? ಅವ್ವ ಮೊನ್ನಿ ಐದಕ್ಕ ಇಪ್ಪತ್ತು ಕೊಟ್ಟ ತಂದಾಳ."

ಹಾಗಾದರೆ ಇವತ್ತಿನ ರೇಟಿನಲ್ಲಿ ಹೇಳು ಅಂದೆ. ಅವಳು ಬೆರಳು ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹತ್ತಕ್ಕ ನಲವತ್ತು. ಎಂಬತ್ತಕ್ಕ ಮುನ್ನೂರಾ ಇಪ್ಪತ್ತು.